ಶಾಲೆಯ ಮುಂದೆ ನಿಲ್ಲುವವರು ಯಾರು?

ನಮ್ಮಲ್ಲಿ ಬಹಳ ಜನ ಚಿಯರ್‌ಲೀಡರ್‌ಗಳನ್ನು ಮೊದಲು ನೋಡಿದ್ದು ಐಪಿಎಲ್‌ನಲ್ಲಿ. 2008ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕುಣಿದವರು ಸಂಭಾವನೆಗೆ ಬಂದ ವೃತ್ತಿಪರರು. ಅಮೆರಿಕದ ಹೈಸ್ಕೂಲುಗಳಲ್ಲಿ ಇದರ ಲೆಕ್ಕವೇ ಬೇರೆ. ಶಾಲೆಯ ಬಣ್ಣದ ಉಡುಪು ತೊಟ್ಟು, ಘೋಷಣೆ ಹೇಳಿಕೊಟ್ಟು, ಊರಿಗೆ ಊರೇ ಒಂದೇ ದನಿಯಲ್ಲಿ ಕೂಗುವಂತೆ ಮಾಡುವವಳು ಅಲ್ಲಿನ ವಿದ್ಯಾರ್ಥಿನಿ. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನಿ ಕ್ಯಾಂಪ್‌ಬೆಲ್ ಪ್ರೇಕ್ಷಕರ ಮುಂದೆ ನಿಂತು ಕೂಗು ಹಾಕಿಸಿದ್ದು ಇದರ ಆರಂಭ ಎನ್ನುತ್ತಾರೆ. ಗಂಡಸರದ್ದಾಗಿದ್ದ ಕೆಲಸ ಕ್ರಮೇಣ ಹುಡುಗಿಯರ ಪಾಲಾಯಿತು, ಗೌರವದ ಸ್ಥಾನವೂ ಆಯಿತು.

ಆ ಗೌರವ ಯಾರಿಗೆ ಸಲ್ಲಬೇಕು ಎಂದು ಜಗಳಕ್ಕೆ ನಿಂತದ್ದು ಟೆಕ್ಸಸ್‌ನ ಕ್ರಿಸ್ಟಲ್ ಸಿಟಿ ಹೈಸ್ಕೂಲ್. ಪಾಲಕ್ ಬೆಳೆಗೆ ಹೆಸರಾಗಿ, ಅದೇ ಅಭಿಮಾನಕ್ಕೆ, ಪಾಲಕ್ ತಿಂದು ಬಲ ಪಡೆಯುವ ಕಾರ್ಟೂನಿನ ಪಾಪಾಯ್‌ಗೆ ಪ್ರತಿಮೆ ನಿಲ್ಲಿಸಿದ ಊರು ಅದು. ಹೊಲದಲ್ಲಿ ದುಡಿಯುತ್ತಿದ್ದವರು ಮೆಕ್ಸಿಕನ್ ಮೂಲದವರು. ಶಾಲೆಯಲ್ಲಿ ಅವರ ಮಕ್ಕಳೇ ಬಹುಸಂಖ್ಯಾತರು. ಆದರೂ ಶಿಕ್ಷಕರು ಆರಿಸುತ್ತಿದ್ದ ನಾಲ್ವರು ಚಿಯರ್‌ಲೀಡರ್‌ಗಳಲ್ಲಿ ಮೆಕ್ಸಿಕನ್ ಹುಡುಗಿ ಒಬ್ಬಳೇ ಇರಬೇಕೆಂಬುದು ಎಲ್ಲೂ ಬರೆದಿಡದ ಕಟ್ಟಳೆ. 1969ರಲ್ಲಿ ಅರ್ಹಳಾದ ಇನ್ನೊಬ್ಬಳನ್ನು ಇದೇ ಕಾರಣಕ್ಕೆ ಕೈಬಿಟ್ಟರು. ಅದೇ ವರ್ಷ, ಹಳೆಯ ವಿದ್ಯಾರ್ಥಿಗಳು ಶಾಲೆಗೆ ಮರಳುವ ಹೋಮ್‌ಕಮಿಂಗ್ ಹಬ್ಬದ ರಾಣಿಯ ಆಯ್ಕೆಗೂ ಒಂದು ಷರತ್ತು ಬಂತು: ತಂದೆತಾಯಿಯಲ್ಲಿ ಒಬ್ಬರಾದರೂ ಅದೇ ಶಾಲೆಯಲ್ಲಿ ಓದು ಮುಗಿಸಿರಬೇಕು. ಕೂಲಿಗಾಗಿ ಊರೂರು ಅಲೆದು ಓದು ಬಿಟ್ಟವರ ಮಕ್ಕಳು ಹೀಗೆ ಹೊರಗುಳಿದರು.

ಇದನ್ನು ಹುಡುಗಿಯರ ಹಟವೆಂದು ತಳ್ಳಿಹಾಕುವಂತಿಲ್ಲ. ಪ್ರತಿಭಟಿಸಿ ಕರಪತ್ರ ಹಂಚಿದ ಸೆವೆರೀಟ ಲಾರ ಎಂಬ ವಿದ್ಯಾರ್ಥಿನಿಯನ್ನು ಶಾಲೆ ಅಮಾನತು ಮಾಡಿತು. ಡಿಸೆಂಬರ್‌ನಲ್ಲಿ ನೂರಾರು ಮಕ್ಕಳು ತರಗತಿ ಬಿಟ್ಟು ಹೊರನಡೆದರು. ಚಿಯರ್‌ಲೀಡರ್‌ಗಳನ್ನು ವಿದ್ಯಾರ್ಥಿಗಳೇ ಆರಿಸಬೇಕು ಎಂಬುದರ ಜೊತೆಗೆ ದ್ವಿಭಾಷಾ ಶಿಕ್ಷಣ ಬೇಕು, ತಮ್ಮ ಸಮುದಾಯದ ಶಿಕ್ಷಕರು ಬೇಕು ಎಂಬ ಬೇಡಿಕೆಗಳೂ ಸೇರಿದವು. ಅಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು; ಕನ್ನಡ ಮಾತಾಡಿದ್ದಕ್ಕೆ ದಂಡ ತೆತ್ತ ನಮ್ಮ ಮಕ್ಕಳಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ. ಮೂವರು ವಿದ್ಯಾರ್ಥಿಗಳು ವಾಷಿಂಗ್ಟನ್‌ಗೆ ಹೋಗಿ ಸೆನೆಟರ್‌ಗಳನ್ನು ಕಂಡು ಬಂದರು.

ಜನವರಿಯಲ್ಲಿ ಶಾಲಾ ಮಂಡಳಿ ಬಹುತೇಕ ಬೇಡಿಕೆಗಳಿಗೆ ಒಪ್ಪಿತು. 1970ರ ಏಪ್ರಿಲ್‌ನಲ್ಲಿ ಅದೇ ಮಂಡಳಿಗೆ ಚುನಾವಣೆ ನಡೆದಾಗ, ಅದೇ ಹೈಸ್ಕೂಲಿನಲ್ಲಿ ಓದಿದ್ದ ಹೋಸೆ ಆಂಹೆಲ್ ಗುಟಿಯೆರೆಸ್, ಮೆಕ್ಸಿಕನ್ ಮೂಲದವರು ಕಟ್ಟಿದ ರಾಸಾ ಉನಿದಾ ಪಕ್ಷದಿಂದ ಗೆದ್ದು ಮಂಡಳಿಯ ಅಧ್ಯಕ್ಷರಾದರು.