ತೆರೆಯದ ತೂಬಿಗೆ ಸುರಂಗದ ದಾರಿ

ನುಂಗಿದ ಅನ್ನ ತನ್ನ ಭಾರದಿಂದಲೇ ಹೊಟ್ಟೆಗೆ ಜಾರುತ್ತದೆಂದು ಹಲವರು ಭಾವಿಸುವುದುಂಟು. ಆದರೆ ತಲೆಕೆಳಗಾಗಿ ನಿಂತವನು ನುಂಗಿದ ತುತ್ತೂ ಜಠರವನ್ನೇ ಸೇರುತ್ತದೆ. ಸುಮಾರು 25 ಸೆಂಟಿಮೀಟರು ಉದ್ದದ ಅನ್ನನಾಳದ ಸ್ನಾಯುಗಳು ಅಲೆಯಲೆಯಾಗಿ ಸಂಕೋಚಗೊಂಡು ತುತ್ತನ್ನು ಮುಂದಕ್ಕೆ ದೂಡುವುದೇ ಇದಕ್ಕೆ ಕಾರಣ. ನಾಳದ ಕೊನೆಯಲ್ಲಿ ಸ್ನಾಯುವಿನದೇ ಒಂದು ಬಳೆಯಿದೆ. ಕೆರೆಯ ತೂಬಿನಂತೆ ಅದು ಮುಚ್ಚಿಕೊಂಡಿರುತ್ತದೆ; ತುತ್ತು ಬಂದಾಗ ಮಾತ್ರ ಸಡಿಲಗೊಂಡು ದಾರಿ ಬಿಡುತ್ತದೆ.

ಈ ತೂಬು ತೆರೆಯದೆ ಹೋದರೆ? ಅದೇ ಅಕಲೇಸಿಯ ರೋಗ. ಬಳೆಯನ್ನು ಸಡಿಲಿಸುವ ನರಕೋಶಗಳು ನಾಳದ ಗೋಡೆಯಲ್ಲಿ ನಶಿಸುತ್ತವೆ. ದೂಡುವ ಅಲೆಗಳೂ ಅಡಗುತ್ತವೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ವಿರಳ ರೋಗವಿದು.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯಲ್ಲಿ ಒಬ್ಬರಿಗೆ ಇದು ಬಂದಿತೆಂದು ಊಹಿಸೋಣ. ಬೆಳಗಿನ ಕಡುಬು ಎದೆಯಲ್ಲೇ ನಿಲ್ಲುತ್ತದೆ. ಗಂಜಿಯೂ ಸಲೀಸಾಗಿ ಇಳಿಯದು. ರಾತ್ರಿ ಮಲಗಿದಾಗ ಉಂಡದ್ದು ಬಾಯಿಗೆ ಮರಳಿ ಕೆಮ್ಮು ಹತ್ತುತ್ತದೆ. ಮೈ ಸೊರಗುತ್ತದೆ. ಎದೆಯುರಿಯೂ ಇರಬಹುದಾದ್ದರಿಂದ, ಪಿತ್ತವೆಂದು ಮದ್ದು ನುಂಗುತ್ತ ವರ್ಷಗಳೇ ಕಳೆಯುವುದುಂಟು. ಗೆಡ್ಡೆಯಿಂದ ನಾಳ ಕಿರಿದಾದರೆ ಸಾಮಾನ್ಯವಾಗಿ ಮೊದಲು ಗಟ್ಟಿ ಆಹಾರ ತಡೆಯುತ್ತದೆ. ಇಲ್ಲಿ ನೀರೂ ಅನ್ನವೂ ಒಟ್ಟಿಗೇ ತಡೆಯುವುದು ಹೆಚ್ಚು. ಯಾವುದೇ ಆಗಲಿ, ನುಂಗಲು ತೊಡಕಾದರೆ ವೈದ್ಯರ ಪರೀಕ್ಷೆ ಅಗತ್ಯ. ಬೇರಿಯಂ ಕುಡಿಸಿ ತೆಗೆದ ಎಕ್ಸರೆಯಲ್ಲಿ ಹಿಗ್ಗಿದ ನಾಳದ ತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಾಣುತ್ತದೆ. ನಾಳದೊಳಗಿನ ಒತ್ತಡವನ್ನು ಅಳೆದು ರೋಗವನ್ನು ಖಚಿತಪಡಿಸುತ್ತಾರೆ.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್, ಕಡ್ಡಿಯೊಂದರ ತುದಿಗೆ ಸ್ಪಂಜು ಕಟ್ಟಿ, ಅದರಿಂದ ರೋಗಿಯ ಅನ್ನವನ್ನು ಕೆಳಕ್ಕೆ ತಳ್ಳಿಸಿದನು. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್, ಹೊಟ್ಟೆಯನ್ನು ತೆರೆದು ಬಿಗಿದ ಸ್ನಾಯುವನ್ನು ಹೊರಗಿನಿಂದ ಕೊಯ್ದನು. ಬಾಯಿಯ ಮೂಲಕವೇ ಹೋಗಿ ಒಳಗಿನಿಂದ ಕೊಯ್ಯಬಾರದೇಕೆ? ಗೋಡೆ ತೂತಾದರೆ ಅನ್ನವೂ ರೋಗಾಣುಗಳೂ ಎದೆಯೊಳಗೆ ಸೋರಿ ಪ್ರಾಣಕ್ಕೇ ಕುತ್ತು ಬಂದೀತೆಂಬ ಭಯ!

ಇದಕ್ಕೆ ಪರಿಹಾರ ಗೋಡೆಯ ರಚನೆಯಲ್ಲೇ ಇತ್ತು. ಕೋಟಿನ ಬಟ್ಟೆಗೆ ಒಳಗಿನಿಂದ ಅಸ್ತರು ಇರುವಂತೆ, ಸ್ನಾಯುವಿಗೆ ಒಳಗಿನಿಂದ ಲೋಳೆಪೊರೆಯಿದೆ. ಅಸ್ತರನ್ನು ಮೇಲುಗಡೆ ಸ್ವಲ್ಪ ಸೀಳಿ, ಸಂದಿಯಲ್ಲಿ ಕೈ ತೂರಿಸಿ, ಬಹು ಕೆಳಗಿನ ಬಟ್ಟೆಯನ್ನು ಮಾತ್ರ ಕತ್ತರಿಸಿದರೆ ಎರಡು ಸೀಳುಗಳೂ ಒಂದರ ಮೇಲೊಂದು ಬೀಳುವುದಿಲ್ಲ. ಅಮೆರಿಕದಲ್ಲಿ ಭಾರತ ಮೂಲದ ಪಂಕಜ್ ಪಸರೀಚ ಮತ್ತು ಸಂಗಡಿಗರು 2007ರಲ್ಲಿ ಹಂದಿಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. ಮರುವರ್ಷ ಜಪಾನಿನ ಯೊಕೊಹಾಮಾದಲ್ಲಿ ಹರುಹಿರೊ ಇನೌಯೆ ಈ ಚಿಕಿತ್ಸೆಯನ್ನು ಮನುಷ್ಯರಿಗೆ ತಂದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದು 'ಪೋಯೆಮ್', ಅಂದರೆ ಕವಿತೆ, ಎನಿಸಿದೆ. ಕುವೆಂಪು ಬೆಳೆದ ಕುಪ್ಪಳ್ಳಿಯವರಿಗೆ ನೆನಪಿಡಲು ಕಷ್ಟವಿಲ್ಲ!

ಅರಿವಳಿಕೆ ಕೊಟ್ಟು ಎಂಡೊಸ್ಕೋಪನ್ನು ಬಾಯಿಯಿಂದ ಇಳಿಸುತ್ತಾರೆ. ಪೊರೆಯ ಕೆಳಗೆ ಬಣ್ಣ ಬೆರೆಸಿದ ಲವಣಜಲವನ್ನು ಚುಚ್ಚಿ ಉಬ್ಬಿಸಿ, ಸುಮಾರು 2 ಸೆಂಟಿಮೀಟರು ಸೀಳಿ, ಜಠರದ ಮೇಲ್ಭಾಗದವರೆಗೆ ಸುರಂಗ ಕೊರೆಯುತ್ತಾರೆ. ಅದರೊಳಗಿನಿಂದ ಬಿಗಿದ ಸ್ನಾಯುವನ್ನು ವಿದ್ಯುತ್ ಕತ್ತಿಯಿಂದ ಕೊಯ್ದು, ಹಿಂದಿರುಗುವಾಗ ಪೊರೆಯ ಬಾಯನ್ನು ಪುಟ್ಟ ಕ್ಲಿಪ್ಪುಗಳಿಂದ ಮುಚ್ಚುತ್ತಾರೆ. ಹೊರಮೈಯಲ್ಲಿ ಒಂದು ಗಾಯವೂ ಇಲ್ಲ.

ಫಲವೇನು? 221 ರೋಗಿಗಳ ಯೂರೋಪಿನ ಪರೀಕ್ಷೆಯೊಂದರ ವರದಿ 2019ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ತರುವಾಯ ಈ ವಿಧಾನ ಶೇಕಡ 83ರಷ್ಟು ಮಂದಿಯಲ್ಲಿ ಸಫಲವಾಗಿತ್ತು. ಹೆಲ್ಲರನ ಶಸ್ತ್ರಕ್ರಿಯೆ ಸುಮಾರು 82ರಷ್ಟು ಮಂದಿಯಲ್ಲಿ. ಆದರೆ ತೆರೆದ ತೂಬಿನಿಂದ ಜಠರದ ಆಮ್ಲ ಮೇಲಕ್ಕೇರಿ ನಾಳ ಕೆಂಪೇರಿದ್ದು ಇದರಲ್ಲಿ ಶೇಕಡ 44, ಹೆಲ್ಲರನ ವಿಧಾನದಲ್ಲಿ 29. ಆದುದರಿಂದ ಅನೇಕರಿಗೆ ಆಮ್ಲ ತಗ್ಗಿಸುವ ಔಷಧಿ ಬೇಕಾಗುತ್ತದೆ. ನಮ್ಮ ದೇಶದಲ್ಲಿಯೂ ಇದು ಬಳಕೆಗೆ ಬಂದಿದೆ. ಹೈದರಾಬಾದಿನ ವೈದ್ಯರು 2017ರಲ್ಲೇ 408 ರೋಗಿಗಳ ಅನುಭವವನ್ನು ಪ್ರಕಟಿಸಿದರು.

ಒಂದು ಮಾತನ್ನು ಮರೆಯಬಾರದು. ಚಿಕಿತ್ಸೆಯಿಂದ ತೂಬು ತೆರೆಯಿತೇ ಹೊರತು ಸತ್ತ ನರಕೋಶಗಳು ಮರಳಲಿಲ್ಲ. ಇವರ ಅನ್ನ ಬಹುಮಟ್ಟಿಗೆ ತನ್ನ ಭಾರದಿಂದಲೇ ಇಳಿಯಬೇಕು. ಎಂತಲೇ ಇವರು ನೆಟ್ಟಗೆ ಕುಳಿತು, ಚೆನ್ನಾಗಿ ಅಗಿದು, ನಡುನಡುವೆ ನೀರು ಕುಡಿಯುತ್ತ ಉಣ್ಣುತ್ತಾರೆ; ಉಂಡೊಡನೆ ಮಲಗುವುದಿಲ್ಲ.