ಬಿಸಿಲಷ್ಟೇ ಅಲ್ಲ, ಬಿರುಸೂ ಮೈ ಸುಡುತ್ತದೆ

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕಬ್ಬಿನ ಹಂಗಾಮು ಮುಗಿಯಾಕ ಬಂದಾಗ ಬಿಸಿಲು ಏರಿರುತ್ತದೆ. ಕಾರ್ಖಾನೆ ಬಂದ್ ಆಗುವುದರೊಳಗೆ ಕಬ್ಬು ಸಾಗಿಸುವ ಚಿಂತೆ ನಮಗೆ. ಗ್ಯಾಂಗಿನವರಿಗೆ ಟನ್ನಿನ ಲೆಕ್ಕದ ಕೂಲಿ. ಎಲ್ಲರಿಗೂ ಅವಸರ.

ಅಂಥ ಒಂದು ಮಧ್ಯಾಹ್ನ ನಮ್ಮ ಹೊಲದಲ್ಲಿ ಟ್ರ್ಯಾಕ್ಟರಿಗೆ ಹೊರೆ ಏರಿಸುತ್ತಿದ್ದ ಹುಡುಗ ಹಲಗೆಯಿಂದ ಇಳಿದವನೇ ತೂರಾಡಿದ. "ಯಾಕೋ ತಮ್ಮಾ, ಏನಾತು?" ಅಂದರೆ ಸಂಬಂಧವಿಲ್ಲದ ಮಾತು. ಮೈ ಕಾದ ಹಂಚಿನಂತಿತ್ತು, ಬೆವರೂ ಸುರಿಯುತ್ತಿತ್ತು. ಬೇವಿನ ನೆರಳಿಗೆ ಒಯ್ದು, ಮೈತುಂಬ ಬೋರಿನ ನೀರು ಸುರಿದು, ದವಾಖಾನೆಗೆ ಸಾಗಿಸಿದೆವು. ಉಳಿದುಕೊಂಡ. ಅದೇ ಬಿಸಿಲಲ್ಲಿ ಬದುವಿನ ಮೇಲೆ ಕುಂತಿದ್ದ ನನಗೇನೂ ಆಗಿರಲಿಲ್ಲ. ಯಾಕೆ?

ಒಂದು ಪಂಪು, ಎರಡು ಕಾಲುವೆ

ದುಡಿಯುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಕೆಲಸಕ್ಕೆ ಸಿಗುವುದು ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಕಾವಾಗುತ್ತದೆ. ತೀರ ಸೆಕೆಯಿಲ್ಲದ ಹವೆಯಲ್ಲೂ ಮೈಯೊಳಗಿನ ಉಷ್ಣತೆ ಕೆಲಸದ ಬಿರುಸಿಗೆ ತಕ್ಕಂತೆ ಏರುತ್ತದೆ ಎಂದು ಡೆನ್ಮಾರ್ಕಿನ ಮಾರಿಯಸ್ ನೀಲ್ಸನ್ 1938ರಲ್ಲೇ ತೋರಿಸಿದ್ದರು. ನಮ್ಮ ಸುಡುಬಿಸಿಲಲ್ಲಂತೂ ಹೊರಗಿನ ಕಾವೂ ಇದರ ಜತೆ ಸೇರುತ್ತದೆ.

ಈ ಕಾವನ್ನು ಹೊರಹಾಕುವ ದಾರಿ ಚರ್ಮ. ಅಲ್ಲಿಗೆ ಕಾವು ಹೊತ್ತು ತರುವುದು ರಕ್ತ. ತಂಪಿನಲ್ಲಿ ಸುಮ್ಮನೆ ಕುಂತಾಗ ಚರ್ಮಕ್ಕೆ ನಿಮಿಷಕ್ಕೆ ಅರ್ಧ ಲೀಟರು ರಕ್ತ ಹರಿದರೆ ಸಾಕು. ಮೈ ಬಹಳ ಕಾದಾಗ ಅದು 6ರಿಂದ 8 ಲೀಟರಿಗೂ ಏರಬಲ್ಲದು. ಆದರೆ ಬಿರುಸಿನ ಕೆಲಸದಲ್ಲಿ ಸ್ನಾಯುಗಳೂ ರಕ್ತ ಬೇಡುತ್ತವೆ. ಹೃದಯವೆಂಬ ಪಂಪು ಒಂದೇ. ಎರಡೂ ಕಾಲುವೆ ತೆರೆದರೆ ಯಾವುದಕ್ಕೂ ನೀರು ಸಾಲದು ಅಲ್ಲವೇ? ಹಾಗೆಯೇ ಮೈಯೊಳಗೆ 38 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಚರ್ಮದ ರಕ್ತ ಹೆಚ್ಚುವುದು ನಿಲ್ಲುತ್ತದೆ, ಕಾವು ಮಾತ್ರ ಏರುತ್ತಲೇ ಹೋಗುತ್ತದೆ. ಬೆವರಿ ನೀರು ಕಳೆದುಕೊಂಡರೆ ಬಾವಿಯ ನೀರೇ ಇಳಿದಂತೆ.

ನಾವು ಮಾಡಬಹುದಾದದ್ದು

* ಹೊರೆ ಏರಿಸುವಂಥ ಭಾರದ ಕೆಲಸ ನಸುಕಿನಲ್ಲೇ ಆಗಲಿ. ನಡುಮಧ್ಯಾಹ್ನ ಬಿಡುವು.
* ನೀರಡಿಕೆ ಆಗುವವರೆಗೆ ಕಾಯಬೇಡಿ. 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ.
* ತಾಸಿಗೊಮ್ಮೆಯಾದರೂ ನೆರಳಲ್ಲಿ ಕೂಡಬೇಕು. ಕೈ ನಿಂತರೆ ಕಾವು ಹುಟ್ಟುವುದೂ ಇಳಿಯುತ್ತದೆ.
* ಹೊಸಬರ ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನಗಳಲ್ಲಿ ಕಡಿಮೆ ಕೆಲಸ ಕೊಡಿ.
* ಮಾತು ತೊದಲಿದರೆ, ತೂರಾಡಿದರೆ, ಎಚ್ಚರ ತಪ್ಪಿದರೆ ಅದು ಜೀವಕ್ಕೆ ಅಪಾಯ. ಬೆವರು ಬರುತ್ತಿದೆ ಎಂದು ಸುಮ್ಮನಿರಬೇಡಿ. ಮೊದಲು ನೀರು ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಬೇಡಿ.

ದೂರದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಎಳೆ ಪ್ರಾಯದವರ ಮೂತ್ರಪಿಂಡಗಳೇ ಕೆಟ್ಟಿವೆ. ಕಾವಿನಲ್ಲಿ ಬಿರುಸಿನ ದುಡಿಮೆ, ನೀರಿನ ಕೊರತೆ ಇದಕ್ಕೆ ದೊಡ್ಡ ಕಾರಣಗಳೆಂದು ತಜ್ಞರು ಹೇಳುತ್ತಾರೆ. ಅಲ್ಲಿ ನೀರು, ವಿಶ್ರಾಂತಿ, ನೆರಳು ಎಂಬ ಮೂರು ಸೂತ್ರ ಹಿಡಿದು ಕೆಲಸದ ರೀತಿ ಬದಲಿಸಿದ್ದಾರೆ.

ನಮ್ಮಲ್ಲಿ ಟನ್ನಿನ ಲೆಕ್ಕದವರು ತಾವಾಗಿ ನಿಲ್ಲುವುದಿಲ್ಲ, ನಿಂತರೆ ಕೂಲಿ ಹೋಗುತ್ತದೆ. "ಸಾಕ್ರಪ್ಪಾ, ನೆಳ್ಳಿಗೆ ಬರ್ರಿ" ಎಂದು ಕರೆಯಬೇಕಾದವರು ಹೊಲದ ಮಾಲೀಕರು. ಆ ಹುಡುಗ ಬಿದ್ದ ಮೇಲೆ ನಾನಂತೂ ಬದುವಿನಲ್ಲಿ ತಾಡಪತ್ರೆ ಕಟ್ಟಿ, ಕೊಡ ತುಂಬಿಸಿ ಇಡುತ್ತೇನೆ. ಖರ್ಚು ಹೆಚ್ಚೇನಿಲ್ಲ.