ನೋಟಿನ ಮೇಲೊಂದು ನಕ್ಷತ್ರ: ಅದಕ್ಕೆ ಬೆಲೆ ಎಷ್ಟು?

ಮನೆಯಲ್ಲಿರುವ ಹತ್ತು, ಇಪ್ಪತ್ತು, ಐವತ್ತು ರೂಪಾಯಿಯ ನೋಟುಗಳನ್ನೆಲ್ಲ ಒಮ್ಮೆ ಮೇಜಿನ ಮೇಲೆ ಹರಡಿ ಅವುಗಳ ಕ್ರಮಸಂಖ್ಯೆಯನ್ನು ನಿಧಾನವಾಗಿ ಓದಿ ನೋಡಿ. ಮೊದಲು ಅಂಕಿ, ಅಕ್ಷರಗಳ ಒಂದು ಪುಟ್ಟ ಗುಂಪು, ಆಮೇಲೆ ಆರು ಅಂಕಿಗಳ ಸಂಖ್ಯೆ. ಎಲ್ಲೋ ಒಂದು ನೋಟಿನಲ್ಲಿ ಮಾತ್ರ ಇವೆರಡರ ನಡುವೆ ಚಿಕ್ಕದೊಂದು ನಕ್ಷತ್ರ ಕಂಡೀತು.

ಈ ನಕ್ಷತ್ರದ ಬಗ್ಗೆ ಜನರಲ್ಲಿ ಎರಡು ಬಗೆಯ ಮಾತುಗಳಿವೆ. ‘ಇದು ಖೋಟಾ ನೋಟು, ಮುಟ್ಟಬೇಡಿ’ ಎನ್ನುವವರು ಕೆಲವರು. ‘ಇದಕ್ಕೆ ಲಕ್ಷ ರೂಪಾಯಿ ಕೊಡುವವರಿದ್ದಾರೆ, ಬಿಡಬೇಡಿ’ ಎನ್ನುವವರು ಇನ್ನು ಕೆಲವರು. ಒಂದೇ ನೋಟು ಕಸವೂ ಆಗಿ ನಿಧಿಯೂ ಆಗಲು ಹೇಗೆ ಸಾಧ್ಯ? ವಿಚಾರಿಸಿ ನೋಡಿದರೆ ಎರಡು ಮಾತೂ ಸರಿಯಲ್ಲ.

ನಕ್ಷತ್ರ ಬಂದದ್ದೇಕೆ?

ನಮ್ಮ ದೇಶದ ನೋಟುಗಳು ನಾಲ್ಕು ಕಡೆ ಅಚ್ಚಾಗುತ್ತವೆ: ನಾಸಿಕ್, ದೇವಾಸ್, ಪಶ್ಚಿಮ ಬಂಗಾಳದ ಸಾಲ್ಬೋನಿ ಮತ್ತು ನಮ್ಮ ಮೈಸೂರು. ಕೊನೆಯ ಎರಡು ಮುದ್ರಣಾಲಯಗಳನ್ನು ನಡೆಸುವುದು 1995ರಲ್ಲಿ ಸ್ಥಾಪನೆಯಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆ.

ಎಷ್ಟು ಎಚ್ಚರ ವಹಿಸಿದರೂ ಅಚ್ಚಿನಲ್ಲಿ ಅಲ್ಲೊಂದು ಇಲ್ಲೊಂದು ನೋಟು ಕೆಡುತ್ತದೆ. ಶಾಯಿ ಹರಡಬಹುದು, ಕಾಗದ ಮಡಚಬಹುದು. ಅಂಥ ನೋಟನ್ನು ತೆಗೆದುಹಾಕಿದರೆ ನೂರು ನೋಟುಗಳ ಕಟ್ಟಿನಲ್ಲಿ ಒಂದು ಸಂಖ್ಯೆ ಖಾಲಿ ಬೀಳುತ್ತದೆ. ಸಂಖ್ಯೆಯ ಸಾಲು ಮುರಿಯಬಾರದೆಂದರೆ ಅದೇ ಸಂಖ್ಯೆಯ ಇನ್ನೊಂದು ನೋಟು ಬೇಕು. ಒಂದೊಂದೇ ನೋಟನ್ನು ಹೀಗೆ ಸರಿಹೊಂದಿಸುವುದು ಸಮಯವನ್ನೂ ಹಣವನ್ನೂ ತಿನ್ನುವ ಕೆಲಸ.

2006ರಲ್ಲಿ ರಿಸರ್ವ್ ಬ್ಯಾಂಕು ಸುಲಭದ ಉಪಾಯವೊಂದನ್ನು ಜಾರಿಗೆ ತಂದಿತು. ಕೆಟ್ಟ ನೋಟಿನ ಜಾಗಕ್ಕೆ ನಕ್ಷತ್ರ ಚಿಹ್ನೆಯುಳ್ಳ, ಬೇರೆ ಸಂಖ್ಯೆಯ ಬದಲಿ ನೋಟನ್ನು ಸೇರಿಸುವುದು. ಕಟ್ಟಿನಲ್ಲಿ ನೂರು ನೋಟು ಇದ್ದೇ ಇರುತ್ತವೆ, ಸಂಖ್ಯೆಗಳು ಮಾತ್ರ ಸಾಲಾಗಿರುವುದಿಲ್ಲ. ಕಟ್ಟಿನ ಪಟ್ಟಿಯ ಮೇಲೆ ಈ ವಿಷಯವನ್ನು ನಮೂದಿಸಿರುತ್ತಾರೆ. ಶಾಲೆಯಲ್ಲಿ ರಜೆ ಹಾಕಿದ ಮೇಷ್ಟರ ಪೀರಿಯಡ್ಡಿಗೆ ಬೇರೆ ಮೇಷ್ಟರು ಬಂದ ಹಾಗೆ!

ಮೊದಲು 10, 20 ಮತ್ತು 50 ರೂಪಾಯಿಯ ನೋಟುಗಳಿಗಷ್ಟೇ ಇದ್ದ ಈ ಕ್ರಮ ಆಮೇಲೆ 100 ರೂಪಾಯಿಗೂ, 2016ರ ಡಿಸೆಂಬರಿನಲ್ಲಿ ಹೊಸ 500 ರೂಪಾಯಿಗೂ ಬಂದಿತು. 2023ರಲ್ಲಿ ನಕ್ಷತ್ರದ ನೋಟು ನಕಲಿ ಎಂಬ ಸುದ್ದಿ ಮೊಬೈಲುಗಳಲ್ಲಿ ಹರಡಿದಾಗ ರಿಸರ್ವ್ ಬ್ಯಾಂಕು ಆ ವರ್ಷದ ಜುಲೈನಲ್ಲಿ ಸ್ಪಷ್ಟನೆ ನೀಡಿ, ಇದು ಉಳಿದೆಲ್ಲ ನೋಟುಗಳಂತೆ ಕಾನೂನುಬದ್ಧ ಹಣವೆಂದು ಹೇಳಿತು. ಆದ್ದರಿಂದ ಅಂಗಡಿಯಲ್ಲಾಗಲಿ ಬಸ್ಸಿನಲ್ಲಾಗಲಿ ಅದನ್ನು ನಿರಾಕರಿಸಲು ಕಾರಣವಿಲ್ಲ.

ಅಪರೂಪವೆಂದರೆ ಎಷ್ಟು ಅಪರೂಪ?

ಬದಲಿ ನೋಟಿಗೆ ನಕ್ಷತ್ರ ಹಾಕುವುದು ನಮ್ಮಲ್ಲಿ ಹುಟ್ಟಿದ ಪದ್ಧತಿಯಲ್ಲ. ಅಮೆರಿಕದಲ್ಲಿ ಇದು 1910ರಿಂದಲೂ ಇದೆ. ಅಲ್ಲಿನ ಸಂಗ್ರಾಹಕರು ನಕ್ಷತ್ರ ಕಂಡ ಕೂಡಲೇ ಹಿಗ್ಗುವುದಿಲ್ಲ. ಆ ಸಾಲಿನಲ್ಲಿ ಎಷ್ಟು ನೋಟು ಅಚ್ಚಾಗಿವೆ ಎಂದು ಮೊದಲು ಪರಿಶೀಲಿಸುತ್ತಾರೆ. ಲಕ್ಷಗಟ್ಟಲೆ ಅಚ್ಚಾದ ಸಾಲಿನ ನೋಟಿಗೆ ಮುಖಬೆಲೆಗಿಂತ ಹೆಚ್ಚೇನೂ ಸಿಗದು. ಕೆಲವೇ ಸಾವಿರ ಅಚ್ಚಾದ ಸಾಲಿನದಾದರೆ ಪೈಪೋಟಿ ನಡೆಯುತ್ತದೆ.

ಮಕ್ಕಳು ಕಾಗದ, ಪೆನ್ಸಿಲ್ ಹಿಡಿದು ಇಲ್ಲೊಂದು ಲೆಕ್ಕ ಮಾಡಬಹುದು. ಮಾರುಕಟ್ಟೆಯಲ್ಲಿ ನಕ್ಷತ್ರದ ಜೊತೆಗೆ ‘786’ ಇರುವ ನೋಟಿನ ಸುದ್ದಿಯೂ ಓಡಾಡುತ್ತಿರುತ್ತದೆ. ಆರು ಅಂಕಿಗಳ ಸಂಖ್ಯೆಗಳು ಒಟ್ಟು ಹತ್ತು ಲಕ್ಷ. ಅವುಗಳಲ್ಲಿ 786ರಿಂದ ಕೊನೆಗೊಳ್ಳುವಂಥವು ಒಂದು ಸಾವಿರ. ಸಂಖ್ಯೆಯ ಯಾವ ಭಾಗದಲ್ಲಾದರೂ ಸರಿ, 786 ಒಟ್ಟಾಗಿ ಬರುವಂಥವು 3,999. ಅಂದರೆ ಹೆಚ್ಚುಕಡಿಮೆ 250 ನೋಟಿಗೆ ಒಂದು! ವ್ಯಾಪಾರ ಚೆನ್ನಾಗಿರುವ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಅಂಥ ನೋಟು ದಿನಕ್ಕೊಂದು ಬಂದರೂ ಆಶ್ಚರ್ಯವಿಲ್ಲ. ಆರೂ ಅಂಕಿ ಒಂದೇ ಆಗಿರುವ 111111, 222222 ಮುಂತಾದವು ಹತ್ತು ಲಕ್ಷದಲ್ಲಿ ಒಂಬತ್ತು ಮಾತ್ರ. ಇದು ನಿಜಕ್ಕೂ ಅಪರೂಪ. ‘ಅಪರೂಪ’ ಎಂಬ ಮಾತು ಕಿವಿಗೆ ಬಿದ್ದಾಗ ‘ಎಷ್ಟರಲ್ಲಿ ಎಷ್ಟು?’ ಎಂದು ಕೇಳುವುದನ್ನು ಮಕ್ಕಳು ಕಲಿತರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ.

ಬೆಲೆ ಕಟ್ಟುವ ಮೂರು ಸಂಗತಿಗಳು

ಸಂಗ್ರಾಹಕರು ಬದಲಿ ನೋಟಿಗೆ ಬೆಲೆ ಕಟ್ಟುವಾಗ ಮೂರು ಸಂಗತಿಗಳನ್ನು ನೋಡುತ್ತಾರೆ. ಮೊದಲನೆಯದು, ಆ ಬಗೆಯ ನೋಟು ಎಷ್ಟು ಉಳಿದಿದೆ ಎಂಬುದು. ಗವರ್ನರರ ಸಹಿ, ಹಿಂಬದಿಯಲ್ಲಿರುವ ಮುದ್ರಣದ ಇಸವಿ, ಸಂಖ್ಯೆಯ ಹಿಂದಿನ ಚಿಕ್ಕ ಅಕ್ಷರ ಇವೆಲ್ಲ ಸೇರಿ ಒಂದು ಬಗೆ. ಒಂದು ಬಗೆಯ ನಕ್ಷತ್ರದ ನೋಟು ಬೇಕಾದಷ್ಟು ಸಿಗಬಹುದು, ಇನ್ನೊಂದು ಬಗೆಯದು ಹುಡುಕಿದರೂ ಸಿಗದಿರಬಹುದು.

ಎರಡನೆಯದು, ನೋಟಿನ ಸ್ಥಿತಿ. ಚಲಾವಣೆಗೇ ಬಾರದ, ಮಡಿಕೆಯಿಲ್ಲದ, ಮೂಲೆ ಮೊಂಡಾಗದ ಗರಿಗರಿ ನೋಟಿಗೇ ಮನ್ನಣೆ. ಹತ್ತಾರು ಕೈ ದಾಟಿ ಬಂದ ನಕ್ಷತ್ರದ ನೋಟಿಗೆ ಸಾಮಾನ್ಯವಾಗಿ ಅದರ ಮುಖಬೆಲೆಯೇ ಬೆಲೆ. ಮೂರನೆಯದು, ಬೇಡಿಕೆ. ಎಷ್ಟೇ ಅಪರೂಪದ ವಸ್ತುವಾದರೂ ಕೊಳ್ಳುವವರಿಲ್ಲದಿದ್ದರೆ ಬೆಲೆ ಎಲ್ಲಿಂದ ಬರಬೇಕು? ಮಾರುವವನು ಕೇಳುವ ಬೆಲೆ ಬೇರೆ, ಕೊಳ್ಳುವವನು ಕೊಟ್ಟ ಬೆಲೆ ಬೇರೆ. ಜಾಹೀರಾತಿನಲ್ಲಿ ಕಾಣುವುದು ಮೊದಲನೆಯದು ಮಾತ್ರ.

ನಕ್ಷತ್ರವನ್ನು ಆಮೇಲೆ ಒತ್ತಿದ ನೋಟುಗಳ ಬಗ್ಗೆಯೂ ಎಚ್ಚರ ಬೇಕು. ಇಲ್ಲಿ ಇತಿಹಾಸವೇ ಸಾಕ್ಷಿ. 2003ರಲ್ಲಿ ನಿವೃತ್ತರಾದ ಬಿಮಲ್ ಜಲಾನ್ ಅವರ ಸಹಿಯ ನೋಟಿನಲ್ಲಿ 2006ರಲ್ಲಿ ಬಂದ ನಕ್ಷತ್ರ ಇರಲಾರದು. 2016ರ ನವೆಂಬರಿನಲ್ಲಿ ರದ್ದಾದ ಹಳೆಯ 500 ರೂಪಾಯಿ ನೋಟಿನಲ್ಲೂ ಇರಲಾರದು. ಅಂಥ ರದ್ದಾದ ನೋಟುಗಳನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳುವಂತೆಯೂ ಇಲ್ಲ. 2017ರ ಕಾನೂನಿನ ಪ್ರಕಾರ ಒಟ್ಟು ಹತ್ತಕ್ಕಿಂತ ಹೆಚ್ಚು ಕೂಡದು. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ ಇಪ್ಪತ್ತೈದರವರೆಗೆ ಅವಕಾಶವಿದೆ.

ತಂದೆತಾಯಂದಿರಿಗೆ ಒಂದು ಮಾತು

ನಿಜವಾದ ಅಪಾಯವಿರುವುದು ನೋಟಿನಲ್ಲಲ್ಲ, ಆಸೆಯಲ್ಲಿ. ‘ನಿಮ್ಮ ನೋಟಿನ ಫೋಟೋ ಕಳಿಸಿ, ಐದು ಲಕ್ಷ ಕೊಡುತ್ತೇವೆ’ ಎಂಬ ಸಂದೇಶ ಬರುತ್ತದೆ. ಫೋಟೋ ಕಳಿಸಿದ ಮೇಲೆ ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಅದಾದ ಮೇಲೆ ಕಮಿಷನ್. ಕೊನೆಗೆ ಐದು ಲಕ್ಷವೂ ಇಲ್ಲ, ಕಟ್ಟಿದ ಹಣವೂ ಇಲ್ಲ. ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರನ್ನೇ ಬಳಸಿಕೊಂಡು ಹೀಗೆ ಹಣ ಕೇಳುತ್ತಿದ್ದಾರೆಂದು ತಿಳಿದಾಗ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಜನರನ್ನು ಎಚ್ಚರಿಸಿತು. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ತಿಳಿಸಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು ಎಂಬ ಸರಳ ನಿಯಮವನ್ನು ಮನೆಮಂದಿಯೆಲ್ಲ ನೆನಪಿಟ್ಟರೆ ಸಾಕು. ಓಟಿಪಿ, ಬ್ಯಾಂಕಿನ ವಿವರಗಳನ್ನು ಕೇಳಿದರಂತೂ ಮಾತು ಅಲ್ಲಿಗೇ ಮುಗಿಯಬೇಕು.

ಹಾಗೆಂದು ಮಕ್ಕಳ ಹವ್ಯಾಸಕ್ಕೆ ತಣ್ಣೀರೆರಚಬೇಡಿ. ಕೈಗೆ ಬಂದ ನಕ್ಷತ್ರದ ನೋಟನ್ನು ಅವರು ಎತ್ತಿಡಲಿ. ಖರ್ಚಾಗುವುದು ಹತ್ತೋ ಇಪ್ಪತ್ತೋ ರೂಪಾಯಿ; ಬೇಡವೆನಿಸಿದ ದಿನ ಅದೇ ಬೆಲೆಗೆ ಅಂಗಡಿಯಲ್ಲಿ ನಡೆಯುತ್ತದೆ. ನಷ್ಟವೇ ಇಲ್ಲದ ಇಂಥ ಹವ್ಯಾಸಗಳು ಕಡಿಮೆ.

ಜೋಪಾನ ಮಾಡುವುದರಲ್ಲೂ ವಿಜ್ಞಾನವಿದೆ. ನಮ್ಮ ನೋಟಿನ ಕಾಗದ ಹತ್ತಿಯ ನಾರಿನದು. ತೇವವನ್ನೂ ಬೆರಳಿನ ಜಿಡ್ಡನ್ನೂ ಬೇಗ ಹೀರುತ್ತದೆ. ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಅಗ್ಗದ ಪಿವಿಸಿ ಆಲ್ಬಮ್ಮಿನ ಪ್ಲಾಸ್ಟಿಕ್ ಕಾಲಕ್ರಮೇಣ ಅಂಟಂಟಾಗಿ ನೋಟನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಹಾಳೆಯ ಚೀಲ ಒಳ್ಳೆಯದು. ಬಿಸಿಲು ಬೀಳದ, ಒಣ ಜಾಗದಲ್ಲಿಡಿ. ಜೊತೆಗೊಂದು ನೋಟ್ ಪುಸ್ತಕವಿರಲಿ. ಸಂಖ್ಯೆ, ಸಹಿ, ಇಸವಿ, ಸಿಕ್ಕಿದ ದಿನ, ಸಿಕ್ಕಿದ ಊರು ಇವನ್ನೆಲ್ಲ ಬರೆದಿಡಿ. ತರಗತಿಯ ನಾಲ್ಕಾರು ಗೆಳೆಯರು ಒಂದು ವರ್ಷ ಹೀಗೆ ಬರೆದು, ಎಷ್ಟು ನೋಟು ನೋಡಿದಾಗ ಎಷ್ಟು ನಕ್ಷತ್ರ ಸಿಕ್ಕಿತೆಂದು ಲೆಕ್ಕ ಹಾಕಿದರೆ, ಅದೇ ಒಂದು ಒಳ್ಳೆಯ ವಿಜ್ಞಾನ ಪ್ರಾಜೆಕ್ಟ್. ಆ ಲೆಕ್ಕ ಕೈಯಲ್ಲಿರುವ ಹುಡುಗನಿಗೆ ಲಕ್ಷದ ಆಸೆ ತೋರಿಸಿ ಮೋಸ ಮಾಡುವುದು ಅಷ್ಟು ಸುಲಭವಲ್ಲ.